ಡೀಸೆಲ್ ಪಿಕಪ್‌ಗೆ ಕಾಂಪೌಂಡ್ ಟರ್ಬೊ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ಡೀಸೆಲ್ ಪಿಕಪ್ ಇಟ್ಟುಕೊಂಡು, ಅದಕ್ಕೆ ಎರಡು ಟರ್ಬೊ (ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಗಾಳಿ ಒತ್ತಿ ಕೊಡುವ ಯಂತ್ರ) ಹಾಕಿಸಬೇಕು ಅಂತ ಆಸೆ ಪಡುವ ಕನ್ನಡಿಗರಿಗಾಗಿ ಈ ಪುಟ. ಹೆಚ್ಚಿನ ಉದಾಹರಣೆಗಳು 5.9 ಲೀಟರ್ ಕಮ್ಮಿನ್ಸ್ ಎಂಜಿನ್ ಇರುವ 2004ರ ನಡುವಿನಿಂದ 2007ರವರೆಗಿನ ಡಾಡ್ಜ್ ರಾಮ್‌ನವು. ಈ ಕೆಲಸಕ್ಕೆ ಇಳಿಯುವವರ ಹತ್ತಿರ ಜಾಸ್ತಿ ಇರುವ ಗಾಡಿಗಳಲ್ಲಿ ಅದೂ ಒಂದು. ಬೇರೆ ಗಾಡಿಯವರಿಗೂ ಲೆಕ್ಕ ಇದೇ, ಅಂಕಿಗಳು ಮಾತ್ರ ಬದಲಾಗುತ್ತವೆ.

ಕಾಂಪೌಂಡ್ ಅಂದರೆ ಎರಡು ಟರ್ಬೊ ಹಾಕುವುದು, ಅಷ್ಟೇ ಅಲ್ವಾ?

ಅಷ್ಟೇ ಅಲ್ಲ. ಎರಡನ್ನೂ ಅಕ್ಕಪಕ್ಕ ಕೂರಿಸಿ, ಎಂಜಿನ್ನಿನ ಅರ್ಧರ್ಧ ಸಿಲಿಂಡರ್‌ಗಳನ್ನು ಒಂದೊಂದಕ್ಕೆ ಹಂಚಿದರೆ ಅದು ಟ್ವಿನ್ ಟರ್ಬೊ. ಕಾಂಪೌಂಡ್‌ನಲ್ಲಿ ಅವು ಒಂದರ ಹಿಂದೆ ಒಂದು ಇರುತ್ತವೆ. ದೊಡ್ಡ ಟರ್ಬೊ ಹೊರಗಿನ ಗಾಳಿ ಎಳೆದು ಒತ್ತುತ್ತದೆ. ಆ ಒತ್ತಿದ ಗಾಳಿಯನ್ನೇ ಚಿಕ್ಕ ಟರ್ಬೊ ತೆಗೆದುಕೊಂಡು ಇನ್ನಷ್ಟು ಒತ್ತುತ್ತದೆ. ಆಮೇಲೆ ಆ ಗಾಳಿಯ ಬಿಸಿ ಇಳಿಸುವ ಇಂಟರ್‌ಕೂಲರ್, ಆಮೇಲೆ ಎಂಜಿನ್. ಬಿಸಿ ಹೊಗೆಯ ದಾರಿ ಇದಕ್ಕೆ ಉಲ್ಟಾ. ಎಂಜಿನ್ನಿನಿಂದ ಬಂದದ್ದು ಮೊದಲು ಚಿಕ್ಕದನ್ನು ತಿರುಗಿಸುತ್ತದೆ, ಅಲ್ಲಿ ಉಳಿದದ್ದು ದೊಡ್ಡದನ್ನು ತಿರುಗಿಸಿ ಸೈಲೆನ್ಸರ್‌ಗೆ ಹೋಗುತ್ತದೆ.

ಏತ ನೀರಾವರಿಯಲ್ಲಿ ಒಂದು ಪಂಪು ಅರ್ಧ ಗುಡ್ಡಕ್ಕೆ ನೀರು ಎತ್ತಿದರೆ ಇನ್ನೊಂದು ಅಲ್ಲಿಂದ ಮೇಲಕ್ಕೆ ಎತ್ತುತ್ತದಲ್ಲ, ಸುಮಾರು ಹಾಗೆ. ಒಂದೇ ವ್ಯತ್ಯಾಸ: ಅಲ್ಲಿ ಎತ್ತರ ಕೂಡುತ್ತಾ ಹೋಗುತ್ತದೆ, ಇಲ್ಲಿ ಒತ್ತಡ ಗುಣಿಸುತ್ತಾ ಹೋಗುತ್ತದೆ.

ಗುಣಿಸುವುದು ಅಂದರೆ? 30 ಪಿಎಸ್‌ಐ ಕೊಡುವ ಎರಡು ಟರ್ಬೊ ಸೇರಿ 60 ಆಗುವುದಿಲ್ಲವೇ?

ಇಲ್ಲ. ಪಿಎಸ್‌ಐ ಅಂದರೆ ಒತ್ತಡದ ಅಳತೆ, ಚದರ ಇಂಚಿಗೆ ಇಷ್ಟು ಪೌಂಡ್ ಅಂತ. ಟರ್ಬೊಗೆ ಪಿಎಸ್‌ಐ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಅನುಪಾತ. ಒಳಗೆ ಬಂದ ಗಾಳಿಯ ಒತ್ತಡ ಹೊರಗೆ ಹೋಗುವಾಗ ಎಷ್ಟು ಪಟ್ಟಾಯಿತು ಅನ್ನುವುದೇ ಲೆಕ್ಕ.

ಸಮುದ್ರಮಟ್ಟದಲ್ಲಿ ಹೊರಗಿನ ಗಾಳಿಯ ಒತ್ತಡ 14.7 ಪಿಎಸ್‌ಐ. ದೊಡ್ಡ ಟರ್ಬೊ ಅದನ್ನು 2.6 ಪಟ್ಟು ಮಾಡಿತು ಅನ್ನಿ. ಚಿಕ್ಕದು ಅದನ್ನು ಮತ್ತೆ 1.95 ಪಟ್ಟು ಮಾಡಿತು. ಒಟ್ಟು 5.07 ಪಟ್ಟು. ಅಂದರೆ ಸುಮಾರು 74.5 ಪಿಎಸ್‌ಐ. ಇದರಲ್ಲಿ ಹೊರಗಿನ 14.7 ಕಳೆದರೆ ಗೇಜ್‌ನಲ್ಲಿ ಕಾಣುವ ಬೂಸ್ಟ್ ಸುಮಾರು 60. ಇದು 30ಕ್ಕೆ 30 ಕೂಡಿ ಬಂದ 60 ಅಲ್ಲ, ಗುಣಿಸಿ ಬಂದದ್ದು.

ಈಗ ಎರಡನ್ನೂ ಬಿಡಿಯಾಗಿ ನೋಡಿ. ಒಂದು 2.6, ಇನ್ನೊಂದು 1.95. ಎರಡೂ ಆರಾಮವಾಗಿ ಕೆಲಸ ಮಾಡುತ್ತಿವೆ. ಇದೇ 60 ಪಿಎಸ್‌ಐಯನ್ನು ಒಂದೇ ಟರ್ಬೊದಿಂದ ಕೇಳಿದರೆ ಅದು ಮಿತಿ ಮೀರಿ ತಿರುಗಿ, ಗಾಳಿಗಿಂತ ಜಾಸ್ತಿ ಬಿಸಿಯನ್ನೇ ಕೊಡುತ್ತದೆ. ಕಾಂಪೌಂಡ್‌ನ ಗುಟ್ಟೆಲ್ಲ ಇಷ್ಟರಲ್ಲೇ ಇದೆ.

ನನಗೆ ಇದು ನಿಜವಾಗಿ ಬೇಕಾ?

ಕೇಳುವವರಲ್ಲಿ ಬಹಳ ಜನಕ್ಕೆ ಬೇಡ ಅಂತಲೇ ನನ್ನ ಅಭಿಪ್ರಾಯ. 5.9 ಕಮ್ಮಿನ್ಸ್ ಕಂಪನಿಯಿಂದ ಬಂದಾಗ 325 ಎಚ್‌ಪಿ. ಅದನ್ನು 450ರ ಹತ್ತಿರಕ್ಕೆ ತಂದು, ದಿನಾ ಆಫೀಸಿಗೆ ಓಡಿಸಿ, ವಾರಕ್ಕೊಮ್ಮೆ ದೋಣಿಯನ್ನೋ ಚಿಕ್ಕ ಟ್ರೇಲರನ್ನೋ ಎಳೆಯುವವರಿಗೆ 62–64 ಮಿಲಿಮೀಟರ್ ಗಾಳಿಚಕ್ರದ ಒಳ್ಳೆಯ ಒಂದು ಟರ್ಬೊ ಸಾಕು. ಖರ್ಚು ಕಡಿಮೆ, ಪೈಪು ಕಡಿಮೆ, ಸೋರುವ ಜಾಗವೂ ಕಡಿಮೆ.

ಕಾಂಪೌಂಡ್ ತನ್ನ ಬೆಲೆಗೆ ತಕ್ಕ ಕೆಲಸ ಮಾಡುವುದು ಎರಡು ಕಡೆ. ಒಂದು, 550 ಎಚ್‌ಪಿ ದಾಟಬೇಕು, ಆದರೆ ಕೆಳಗಿನ ಆರ್‌ಪಿಎಂನಲ್ಲಿ (ಎಂಜಿನ್ ನಿಧಾನವಾಗಿ ತಿರುಗುವಾಗ) ಗಾಡಿ ಸತ್ತ ಹಾಗೆ ಇರಬಾರದು ಅನ್ನುವವರಿಗೆ. ಅಷ್ಟು ಗಾಳಿ ಕೊಡುವ ಒಂದೇ ದೊಡ್ಡ ಟರ್ಬೊ ಹಾಕಿದರೆ 2000 ಆರ್‌ಪಿಎಂ ದಾಟುವವರೆಗೆ ಅದು ವೇಗ ಹಿಡಿದು ಏಳುವುದೇ ಇಲ್ಲ. ಸಿಗ್ನಲ್‌ನಿಂದ ಹೊರಟಾಗ ಹಿಂದಿನ ಕಾರಿಗೆ ಕರಿಹೊಗೆಯ ಅಭಿಷೇಕ. ಎರಡು, ಭಾರದ ಟ್ರೇಲರ್ ಕಟ್ಟಿಕೊಂಡು ಉದ್ದದ ಏರು ಹತ್ತುವವರಿಗೆ. ಇವರಿಗೆ ಬೇಕಾದದ್ದು ಜಾಸ್ತಿ ಎಚ್‌ಪಿ ಅಲ್ಲ. ಅದೇ ಡೀಸೆಲ್‌ಗೆ ಜಾಸ್ತಿ ಗಾಳಿ, ಅದರಿಂದ ಕಡಿಮೆ ಬಿಸಿ.

ಸುಮ್ನೆ ಶಬ್ದ ಚೆನ್ನಾಗಿದೆ ಅಂತ ಹಾಕಿಸುವವರೂ ಇದ್ದಾರೆ. ದುಡ್ಡು ಅವರದು, ನನ್ನ ಅಡ್ಡಿಯಿಲ್ಲ.

ಬೆಟ್ಟದ ಕಡೆ ಇರುವವರು ಇದನ್ನೇ ಯಾಕೆ ಹೊಗಳುತ್ತಾರೆ?

ಎತ್ತರಕ್ಕೆ ಹೋದಷ್ಟೂ ಗಾಳಿ ತೆಳುವಾಗುತ್ತದೆ. ಕೊಲರಾಡೊದ ಐ-70 ಹೆದ್ದಾರಿಯ ಐಸೆನ್‌ಹೋವರ್ ಸುರಂಗ ಇರುವುದು ಸುಮಾರು 3,400 ಮೀಟರ್ ಎತ್ತರದಲ್ಲಿ. ಅಲ್ಲಿ ಹೊರಗಿನ ಒತ್ತಡ 14.7 ಅಲ್ಲ, 10 ಪಿಎಸ್‌ಐಗಿಂತ ಕಡಿಮೆ.

ಗೇಜ್‌ನಲ್ಲಿ 30 ಪಿಎಸ್‌ಐ ಬೂಸ್ಟ್ ಕಾಣಲು ಸಮುದ್ರಮಟ್ಟದಲ್ಲಿ 3 ಪಟ್ಟು ಒತ್ತಿದರೆ ಸಾಕು. ಸುರಂಗದ ಬಾಯಲ್ಲಿ ಅದೇ 30ಕ್ಕೆ 4 ಪಟ್ಟು ಬೇಕು. ಒಂದೇ ಟರ್ಬೊ ಇದ್ದರೆ ಅದು ಮಿತಿ ಮೀರಿ ತಿರುಗುವುದು ಇಂಥ ಕಡೆಯೇ, ಅದೂ ಹಿಂದೆ ಭಾರ ಇರುವಾಗ. ಎರಡು ಟರ್ಬೊಗಳಲ್ಲಿ ಆ 4 ಪಟ್ಟು ಅಂದರೆ ತಲಾ 2, ಅಷ್ಟೇ. ಹಾಗಾಗಿ ಡೆನ್ವರ್ ಕಡೆಯವರ ಮಾತನ್ನು ಹ್ಯೂಸ್ಟನ್‌ನ ಸಪಾಟು ರಸ್ತೆಯಲ್ಲಿ ಓಡಾಡುವವರು ಹಾಗೇ ತೆಗೆದುಕೊಳ್ಳಬೇಕಿಲ್ಲ.

ಎರಡು ಟರ್ಬೊಗಳ ಅಳತೆ ಹೇಗೆ ಆರಿಸುವುದು?

ಎಲ್ಲರೂ ದೊಡ್ಡ ಟರ್ಬೊದಿಂದ ಶುರು ಮಾಡುತ್ತಾರೆ. ಶುರು ಮಾಡಬೇಕಾದದ್ದು ಡೀಸೆಲ್‌ನಿಂದ. ನಿಮ್ಮ ಇಂಜೆಕ್ಟರ್ (ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಭಾಗ) ಮತ್ತು ಪಂಪು ಎಷ್ಟು ಎಚ್‌ಪಿಗೆ ಸಾಕಾಗುವಷ್ಟು ಡೀಸೆಲ್ ಕೊಡುತ್ತವೆ? ಆ ಅಂಕಿ ಮೊದಲು ಗೊತ್ತಿರಬೇಕು. 450 ಎಚ್‌ಪಿಯ ಡೀಸೆಲ್ ಇರುವ ಗಾಡಿಗೆ 800 ಎಚ್‌ಪಿಯ ಗಾಳಿ ಕೊಟ್ಟರೆ ದೊಡ್ಡ ಟರ್ಬೊ ಬರೀ ಅಲಂಕಾರಕ್ಕೆ ತಿರುಗುತ್ತಿರುತ್ತದೆ.

ಆಮೇಲೆ ಗಾಳಿಯ ಲೆಕ್ಕ. 5.9 ಲೀಟರ್ ಎಂಜಿನ್ 3000 ಆರ್‌ಪಿಎಂನಲ್ಲಿ ಎರಡು ಸುತ್ತಿಗೆ ಒಮ್ಮೆ ಪೂರ್ತಿ ಗಾಳಿ ಎಳೆಯುತ್ತದೆ. ಸಿಲಿಂಡರ್ ಶೇಕಡ 90ರಷ್ಟು ತುಂಬುತ್ತದೆ ಅಂದುಕೊಂಡರೆ ನಿಮಿಷಕ್ಕೆ ಸುಮಾರು 8,000 ಲೀಟರ್. 60 ಪಿಎಸ್‌ಐ ಬೂಸ್ಟ್‌ನಲ್ಲಿ, ಇಂಟರ್‌ಕೂಲರ್ ದಾಟಿ 60 ಡಿಗ್ರಿ ಸೆಲ್ಸಿಯಸ್‌ಗೆ ಇಳಿದ ಗಾಳಿಯ ತೂಕ ಲೀಟರಿಗೆ 5 ಗ್ರಾಂಗಿಂತ ಸ್ವಲ್ಪ ಜಾಸ್ತಿ. ಒಟ್ಟು ನಿಮಿಷಕ್ಕೆ ಸುಮಾರು 43 ಕಿಲೊ, ಅಂದರೆ 95 ಪೌಂಡ್. ಟರ್ಬೊ ಎಷ್ಟು ಗಾಳಿಯನ್ನು ಎಷ್ಟು ಪಟ್ಟು ಒತ್ತಬಲ್ಲದು ಅಂತ ತೋರಿಸುವ ಕಂಪನಿಗಳ ನಕ್ಷೆಗಳಲ್ಲಿ ಪೌಂಡ್ ಲೆಕ್ಕವೇ ಇರುವುದರಿಂದ ಆ ಅಂಕಿ ನೆನಪಿಡಿ. ಹೊಗೆ ತೀರಾ ಬಾರದ ಹಾಗೆ ಓಡಿಸಿದರೆ ಡೀಸೆಲ್‌ನಲ್ಲಿ ನಿಮಿಷಕ್ಕೆ ಒಂದು ಪೌಂಡ್ ಗಾಳಿಗೆ 6ರಿಂದ 7 ಎಚ್‌ಪಿ ಸಿಗುತ್ತದೆ. ಅಲ್ಲಿಗೆ 600ರ ಆಚೀಚೆ ಆಯಿತು.

ಈ 95 ಪೌಂಡನ್ನು 2.6 ಅನುಪಾತದಲ್ಲಿ ಸುಲಭವಾಗಿ ಕೊಡುವ ದೊಡ್ಡ ಟರ್ಬೊ ಬೇಕು. 5.9 ಎಂಜಿನ್ನಿಗೆ ಜನ ಬೋರ್ಗ್‌ವಾರ್ನರ್ ಎಸ್475 ಅಂತ ಪದೇ ಪದೇ ಹೇಳುವುದು ಇದಕ್ಕೇ. ಅದರ ಗಾಳಿಚಕ್ರದ ಬಾಯಿ 75 ಮಿಲಿಮೀಟರ್. ಚಿಕ್ಕದಾಗಿ ಗಾಡಿಯಲ್ಲಿ ಈಗಾಗಲೇ ಇರುವ ಹೋಲ್ಸೆಟ್ ಎಚ್‌ಇ351 ಟರ್ಬೊವನ್ನೇ ಉಳಿಸಿಕೊಳ್ಳಬಹುದು. ಭಾರ ಎಳೆಯುವವರಿಗೆ ಈ ಜೋಡಿಗಿಂತ ಮುಂದೆ ಹೋಗುವ ಕಾರಣ ನನಗೆ ಕಾಣುವುದಿಲ್ಲ. 80 ಮಿಲಿಮೀಟರ್, 88 ಮಿಲಿಮೀಟರ್ ಎಲ್ಲ ಸ್ಪರ್ಧೆಗೆ ಹೋಗುವವರ ಮಾತು.

ಬಿಸಿ ಕಡೆಯ, ಅಂದರೆ ಹೊಗೆ ಹೋಗುವ ಟರ್ಬೈನ್ ಕಡೆಯ ಅಳತೆಯನ್ನು ಜನ ಮರೆಯುತ್ತಾರೆ. ಎಸ್475 ಸೇರಿದ ಎಸ್400 ಜಾತಿಯ ಟರ್ಬೊಗಳಿಗೆ ಟಿ6 ಫ್ಲಾಂಜ್‌ನಲ್ಲಿ (ಟರ್ಬೊ ಬೋಲ್ಟ್ ಆಗುವ ಜಾಗದ ಒಂದು ಅಳತೆ) 1.10, 1.32 ಹೀಗೆ ಬೇರೆ ಬೇರೆ ಎ/ಆರ್‌ನ (ಹೊಗೆಯ ದಾರಿ ಎಷ್ಟು ದೊಡ್ಡದು ಅನ್ನುವ ಅಂಕಿ) ಟರ್ಬೈನ್ ಹೌಸಿಂಗ್, ಅಂದರೆ ಕವಚ, ಸಿಗುತ್ತವೆ. ಅಂಕಿ ಚಿಕ್ಕದಾದರೆ ದೊಡ್ಡ ಟರ್ಬೊ ಬೇಗ ಏಳುತ್ತದೆ, ಆದರೆ ಮೇಲಿನ ಆರ್‌ಪಿಎಂನಲ್ಲಿ ಹೊಗೆ ಕಟ್ಟಿಕೊಳ್ಳುತ್ತದೆ. ಟ್ರೇಲರ್ ಎಳೆಯುವ 5.9ಕ್ಕೆ ನಾನಾದರೆ 1.10 ಕಡೆಗೆ ವಾಲುತ್ತೇನೆ.

95 ಪೌಂಡ್ ಗಾಳಿ ಆ ಚಿಕ್ಕ ಟರ್ಬೊ ಮೂಲಕವೇ ಹೋಗಬೇಕಲ್ಲ, ಅದು ಒಡೆದುಹೋಗುವುದಿಲ್ಲವೇ?

ಒಳ್ಳೆಯ ಪ್ರಶ್ನೆ. ತೂಕದಲ್ಲಿ 95 ಪೌಂಡೇ ಹೋಗುತ್ತದೆ. ಆದರೆ ದೊಡ್ಡ ಟರ್ಬೊ ಅದನ್ನು ಆಗಲೇ ಒತ್ತಿ ಚಿಕ್ಕದು ಮಾಡಿರುತ್ತದೆ. ಚಿಕ್ಕ ಟರ್ಬೊದ ಚಕ್ರಕ್ಕೆ ಮುಖ್ಯವಾದದ್ದು ಆ ಗಾಳಿ ಹಿಡಿಯುವ ಜಾಗ. ಒತ್ತಡ 2.6 ಪಟ್ಟಾಗಿದೆ, ಜೊತೆಗೆ ಬಿಸಿಯಾಗಿ ಸ್ವಲ್ಪ ಉಬ್ಬಿದೆ. ಎರಡನ್ನೂ ಸೇರಿಸಿ ನಕ್ಷೆಯ ಮೇಲೆ ಇಟ್ಟರೆ ಚಿಕ್ಕ ಟರ್ಬೊಗೆ ಅದು ಸುಮಾರು 44 ಪೌಂಡ್‌ನಂತೆ ಕಾಣುತ್ತದೆ. ಎಚ್‌ಇ351ಗೆ ಅದು ತಡೆಯುವ ಭಾರ.

ಒಡೆಯುವ ಅಪಾಯ ನಿಜವಾಗಿ ಇರುವುದು ಅದರ ಬಿಸಿ ಕಡೆ. ಅದಕ್ಕೇ ವೇಸ್ಟ್‌ಗೇಟ್, ಅಂದರೆ ಹೊಗೆ ಜಾಸ್ತಿಯಾದಾಗ ಒಂದಿಷ್ಟನ್ನು ಟರ್ಬೈನ್ ತಪ್ಪಿಸಿ ಬಿಡುವ ಬಾಗಿಲು.

ವೇಸ್ಟ್‌ಗೇಟ್ ಎಲ್ಲಿರಬೇಕು?

ಎಂಜಿನ್ನಿಗೂ ಚಿಕ್ಕ ಟರ್ಬೊಗೂ ನಡುವೆ. ಅದು ಬಿಟ್ಟ ಹೊಗೆ ಎರಡೂ ಟರ್ಬೊಗಳ ನಡುವಿನ ಪೈಪಿಗೆ ಸೇರಬೇಕು. ಹೊರಗೆ ಬಿಟ್ಟರೆ ದೊಡ್ಡ ಟರ್ಬೊಗೆ ತಿರುಗಲು ಬೇಕಾದ ಶಕ್ತಿಯನ್ನೇ ಗಾಳಿಗೆ ಚೆಲ್ಲಿದ ಹಾಗೆ. ಕಿಟ್ (ಟರ್ಬೊ, ಪೈಪು ಎಲ್ಲ ಸೇರಿದ ಸೆಟ್) ನೋಡುವಾಗ ಮೊದಲು ಈ ಪೈಪಿನ ದಾರಿ ನೋಡಿ. ಎಚ್‌ಇ351 ಒಳಗೇ ಇರುವ ಗೇಟ್ ಹೇಗೂ ನಡುವಿನ ಪೈಪಿಗೇ ಬಿಡುತ್ತದೆ. ಆದರೆ ಅದರ ತೂತು ಚಿಕ್ಕದು. ಡೀಸೆಲ್ ಜಾಸ್ತಿಯಾದಾಗ ಸಾಲದೆ ಬಂದರೆ ತೂತು ದೊಡ್ಡದು ಮಾಡಿಸಬೇಕು, ಇಲ್ಲವೇ ಹೊರಗಿನ ಗೇಟ್ ಹಾಕಿಸಬೇಕು.

ಯಾವ ಯಾವ ಗೇಜ್ ಬೇಕು?

ಬೂಸ್ಟ್ ಗೇಜ್ ಒಂದೇ ಇಟ್ಟುಕೊಂಡು ಕಾಂಪೌಂಡ್ ಓಡಿಸಬೇಡಿ. ನಾಲ್ಕು ಬೇಕು. ಒಟ್ಟು ಬೂಸ್ಟ್, ಎರಡು ಟರ್ಬೊಗಳ ನಡುವಿನ ಬೂಸ್ಟ್, ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ (ಸಿಲಿಂಡರ್‌ಗಳ ಹೊಗೆ ಒಟ್ಟುಗೂಡುವ ಕೊಳವೆ) ಒಳಗಿನ ಒತ್ತಡ, ಅಲ್ಲಿಯದೇ ತಾಪಮಾನ.

ಮೇಲಿನ ಉದಾಹರಣೆಯಲ್ಲಿ ಒಟ್ಟು 60 ಇದ್ದಾಗ ನಡುವಿನ ಗೇಜ್ 23–24 ತೋರಿಸಬೇಕು. ಅದು 10ರಲ್ಲೇ ನಿಂತಿದ್ದರೆ ಕೆಲಸವನ್ನೆಲ್ಲ ಚಿಕ್ಕ ಟರ್ಬೊ ಒಂದೇ ಮಾಡುತ್ತಿದೆ ಅಂತ ಅರ್ಥ. ಹೀಗಿರುವಾಗ 60 ನೋಡಿ ಖುಷಿಪಟ್ಟರೆ ಚಿಕ್ಕ ಟರ್ಬೊ ಬೇಗ ಕೈಕೊಡುತ್ತದೆ.

ಮ್ಯಾನಿಫೋಲ್ಡ್ ಒತ್ತಡ ಬೂಸ್ಟ್‌ಗೆ ಹತ್ತಿರದಲ್ಲಿರಬೇಕು. 60 ಬೂಸ್ಟ್‌ಗೆ 60–65 ಇದ್ದರೆ ಚೆನ್ನ. 90 ಕಂಡರೆ ಹೊಗೆ ಹೊರಗೆ ಹೋಗಲಾಗದೆ ಒದ್ದಾಡುತ್ತಿದೆ. ಗೇಟ್ ಬೇಗ ತೆರೆಯಬೇಕು, ಅದಕ್ಕೂ ಬಗ್ಗದಿದ್ದರೆ ಚಿಕ್ಕ ಟರ್ಬೊದ ಬಿಸಿ ಕಡೆಯ ಹೌಸಿಂಗ್ ದೊಡ್ಡದಾಗಬೇಕು. ಮಾರುವವರು ಈ ಅಂಕಿಯ ಬಗ್ಗೆ ತಾವಾಗಿ ಹೇಳುವುದು ಕಡಿಮೆ. ನೀವೇ ಕೇಳಿ.

ಬಿಸಿ ನಿಜವಾಗಿ ಕಡಿಮೆಯಾಗುತ್ತದೆಯೇ?

ಎಕ್ಸಾಸ್ಟ್‌ನ ಬಿಸಿ ಕಡಿಮೆಯಾಗುತ್ತದೆ, ಡೀಸೆಲ್ ಅಷ್ಟೇ ಇದ್ದರೆ. ಉದ್ದದ ಏರಿನಲ್ಲಿ ಮ್ಯಾನಿಫೋಲ್ಡ್ ಹತ್ತಿರ 1,250 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 675 ಸೆಲ್ಸಿಯಸ್ ದಾಟಿಸಬೇಡಿ ಅನ್ನುವುದು ರೂಢಿಯ ಮಾತು. ಅಲ್ಯೂಮಿನಿಯಂ ಪಿಸ್ಟನ್‌ಗಳ ಭಯಕ್ಕೆ ಹುಟ್ಟಿದ ಮಾತು ಅದು. ಗಾಳಿ ಜಾಸ್ತಿ ಸಿಕ್ಕಿದ್ದಕ್ಕೆ ಡೀಸೆಲನ್ನೂ ಜಾಸ್ತಿ ಸುರಿದರೆ ಬಿಸಿ ಮತ್ತೆ ಮೊದಲಿನ ಜಾಗಕ್ಕೇ ಬಂದು ನಿಲ್ಲುತ್ತದೆ.

ಗಾಳಿಯ ಕಡೆ ಮಾತ್ರ ಬಿಸಿ ಏರುತ್ತದೆ. 27 ಡಿಗ್ರಿಯ ಗಾಳಿ ದೊಡ್ಡ ಟರ್ಬೊದಿಂದ ಹೊರಬರುವಾಗ 150 ದಾಟಿರುತ್ತದೆ, ಚಿಕ್ಕದರಿಂದ ಹೊರಬರುವಾಗ 280ರ ಹತ್ತಿರ. ಹಾಗಾಗಿ ಹಳೆಯ, ಒಳಗೆ ಎಣ್ಣೆ ಹಿಡಿದ ಇಂಟರ್‌ಕೂಲರ್ ಇಟ್ಟುಕೊಂಡು ಈ ಕೆಲಸಕ್ಕೆ ಇಳಿಯಬೇಡಿ. ಪೈಪುಗಳನ್ನು ಜೋಡಿಸುವ ರಬ್ಬರ್ ಬೂಟ್‌ಗಳ ಬದಲು ದಪ್ಪ ಸಿಲಿಕೋನ್ ಬೂಟ್, ಟಿ-ಬೋಲ್ಟ್ ಕ್ಲಾಂಪ್. 60 ಪಿಎಸ್‌ಐನಲ್ಲಿ ಬೂಟ್ ಕಿತ್ತುಬಂದರೆ ಬಂದೂಕು ಹಾರಿಸಿದಂಥ ಸದ್ದು.

ಹೆಡ್ ಗ್ಯಾಸ್ಕೆಟ್ ತಡೆಯುತ್ತದೆಯೇ?

ಎಂಜಿನ್ ಬ್ಲಾಕ್‌ಗೂ ಮೇಲಿನ ಹೆಡ್‌ಗೂ ನಡುವಿನ ಸೀಲೇ ಹೆಡ್ ಗ್ಯಾಸ್ಕೆಟ್, ಅದನ್ನು ಒತ್ತಿ ಹಿಡಿಯುವುದು ಹೆಡ್ ಬೋಲ್ಟ್. ಕಂಪನಿಯ ಹೆಡ್ ಬೋಲ್ಟ್‌ಗಳ ಮೇಲೆ 60 ಪಿಎಸ್‌ಐ ಬೇಡ. ಅವುಗಳ ಬದಲು ಇನ್ನೂ ಬಿಗಿಯಾಗಿ ಹಿಡಿಯುವ ಹೆಡ್ ಸ್ಟಡ್ ಹಾಕಿಸಿ, ಕಿಟ್ ತರುವ ಮೊದಲೇ. ಎಆರ್‌ಪಿ ಕಂಪನಿಯ ಸ್ಟಡ್‌ಗಳು ಈ ಕೆಲಸಕ್ಕೆ ಹೆಸರಾದವು. ಹೆಡ್ ಎತ್ತದೆ ಒಂದೊಂದೇ ಬೋಲ್ಟ್ ತೆಗೆದು ಸ್ಟಡ್ ಹಾಕುವವರಿದ್ದಾರೆ. ಗ್ಯಾಸ್ಕೆಟ್ ಚೆನ್ನಾಗಿದ್ದರೆ ಅದು ನಡೆಯುತ್ತದೆ. ಹೇಗೂ ಹೆಡ್ ಎತ್ತುವುದೇ ಆದರೆ ವಾಲ್ವ್ ಸ್ಪ್ರಿಂಗ್ ಗಟ್ಟಿಯದು ಹಾಕಿಸಿ. ಬೂಸ್ಟ್ ವಾಲ್ವ್‌ನ ಬೆನ್ನನ್ನು ಒತ್ತಿ ತೆರೆಯಲು ನೋಡುತ್ತಿರುತ್ತದೆ, ಹಳೆಯ ಸ್ಪ್ರಿಂಗ್‌ಗೆ ಆ ಬಲ ಇರುವುದಿಲ್ಲ. ಇನ್ನೂ ಜಾಸ್ತಿ ಬೂಸ್ಟ್‌ಗೆ ಹೋಗುವವರು ಹೆಡ್‌ಗೆ ಫೈರ್ ರಿಂಗ್ (ಸಿಲಿಂಡರ್ ಬಾಯಿಯ ಸುತ್ತ ಕೂರುವ ಲೋಹದ ಬಳೆ) ಕೂರಿಸುತ್ತಾರೆ. ಬರೀ ಟ್ರೇಲರ್ ಎಳೆಯುವವರಿಗೆ ಅದರ ಗೊಡವೆ ಬೇಡ.

ಒಟ್ಟು ಖರ್ಚು?

ಕಿಟ್‌ಗೇ ಹಲವು ಸಾವಿರ ಡಾಲರ್ ಆಗುತ್ತದೆ. ಸುತ್ತಲಿನ ಕೆಲಸಕ್ಕೂ ಸುಮಾರು ಅಷ್ಟೇ ಎತ್ತಿಡಿ: ಸ್ಟಡ್, ಗೇಜ್, ಡೀಸೆಲ್ ಪಂಪು, ಟ್ಯೂನಿಂಗ್, ಕೂಲಿ. ಆಟೊಮ್ಯಾಟಿಕ್ ಗಾಡಿ ಆದರೆ ಇದರ ಮೇಲೆ ಗೇರ್‌ಬಾಕ್ಸ್. 2003–2007ರ ರಾಮ್‌ನ 48ಆರ್‌ಇ ಗೇರ್‌ಬಾಕ್ಸ್ 600 ಎಚ್‌ಪಿಯ ಮುಂದೆ ನಿಲ್ಲುವುದಿಲ್ಲ. ಟಾರ್ಕ್ ಕನ್ವರ್ಟರ್, ಕ್ಲಚ್, ಶಾಫ್ಟ್ ಎಲ್ಲ ಬದಲಾಯಿಸಬೇಕು. ಕೈಯಲ್ಲಿ ದುಡ್ಡು ಒಂದಕ್ಕೇ ಸಾಕಾಗುವಷ್ಟಿದ್ದರೆ ಗೇರ್‌ಬಾಕ್ಸ್ ಮೊದಲು, ಟರ್ಬೊ ಆಮೇಲೆ.

ನನ್ನದು 6.7 ಕಮ್ಮಿನ್ಸ್. ಅದರ ಟರ್ಬೊ ತೆಗೆಯಬೇಕಾ?

ಬೇಕಿಲ್ಲ. 6.7ರಲ್ಲಿರುವುದು ಒಳಗಿನ ದಾರಿಯನ್ನೇ ಹಿಗ್ಗಿಸಿ ಕುಗ್ಗಿಸುವ ವಿಜಿಟಿ ಟರ್ಬೊ. ಅದನ್ನೇ ಚಿಕ್ಕದಾಗಿ ಉಳಿಸಿಕೊಂಡು ಮೇಲೆ ದೊಡ್ಡದೊಂದನ್ನು ಸೇರಿಸುವ ಕಿಟ್‌ಗಳಿವೆ. ದೊಡ್ಡ ಲಾಭ ಎಂದರೆ ಹೊಗೆಯನ್ನು ತಡೆದು ಗಾಡಿಯ ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕ್ ಉಳಿಯುತ್ತದೆ. ಭಾರದ ಟ್ರೇಲರ್ ಜೊತೆ ಇಳಿಜಾರು ಇಳಿದವರಿಗೆ ಅದರ ಬೆಲೆ ಗೊತ್ತು.

5.9 ಇರುವವರು ಇಲ್ಲಿ ಎಚ್ಚರ. ಆ ಗಾಡಿಗಳಿಗೆ ಆಮೇಲೆ ಹಾಕಿಸಿದ ಎಕ್ಸಾಸ್ಟ್ ಬ್ರೇಕ್ ಸಾಮಾನ್ಯವಾಗಿ ಟರ್ಬೊದ ಹೊರಬಾಯಿಗೇ ಕೂತಿರುತ್ತದೆ. ಕಾಂಪೌಂಡ್ ಹಾಕಿದಾಗ ಅದೇ ಜಾಗಕ್ಕೆ ನಡುವಿನ ಬಿಸಿ ಪೈಪು ಬರುತ್ತದೆ. ಬ್ರೇಕ್ ಎಲ್ಲಿಗೆ ಹೋಗುತ್ತದೆ ಅಂತ ಕಿಟ್ ಮಾಡುವವರನ್ನು ದುಡ್ಡು ಕೊಡುವ ಮುಂಚೆ ಕೇಳಿ.

ಡ್ಯೂರಾಮ್ಯಾಕ್ಸ್, ಫೋರ್ಡ್ ಗಾಡಿಗಳಿಗೆ?

ಆಗುತ್ತದೆ, ಆದರೆ ಜಾಗದ ಪರದಾಟ. ಸಾಲಾಗಿ ಆರು ಸಿಲಿಂಡರ್ ಇರುವ ಕಮ್ಮಿನ್ಸ್‌ನಲ್ಲಿ ಟರ್ಬೊ ಒಂದು ಪಕ್ಕದಲ್ಲಿ ಕೈಗೆ ಸಿಗುವ ಹಾಗಿದೆ. ಜಿಎಂ ಪಿಕಪ್‌ಗಳ 6.6 ಡ್ಯೂರಾಮ್ಯಾಕ್ಸ್ ವಿ8, ಟರ್ಬೊ ಇರುವುದು ಎರಡು ಸಾಲುಗಳ ನಡುವಿನ ಕಣಿವೆಯಲ್ಲಿ. ಫೋರ್ಡ್‌ನಲ್ಲಿ 2008–2010ರ 6.4 ಪವರ್‌ಸ್ಟ್ರೋಕ್ ಕಂಪನಿಯಿಂದಲೇ ಒಂದರ ಹಿಂದೊಂದು ಎರಡು ಟರ್ಬೊ ಇಟ್ಟುಕೊಂಡು ಬಂತು.

ಡೆಟ್ರಾಯಿಟ್ ಡಿಡಿ15 ಎಂಜಿನ್ನಿನ ಲಾರಿಯಲ್ಲಿ ಟರ್ಬೊ ಕಾಂಪೌಂಡ್ ಇತ್ತು ಅಂತಾರೆ. ಅದೂ ಇದೇನಾ?

ಅಲ್ಲ. ಅದರಲ್ಲಿ ಟರ್ಬೊ ದಾಟಿದ ಹೊಗೆ ಇನ್ನೊಂದು ಟರ್ಬೈನನ್ನು ತಿರುಗಿಸುತ್ತದೆ. ಆ ಟರ್ಬೈನ್ ಗಾಳಿ ಒತ್ತುವುದಿಲ್ಲ, ಗೇರ್‌ಗಳ ಮೂಲಕ ನೇರ ಕ್ರ್ಯಾಂಕ್ ಶಾಫ್ಟ್‌ಗೆ ಶಕ್ತಿ ಕೊಡುತ್ತದೆ.

ಕಾನೂನು ಏನನ್ನುತ್ತದೆ?

ಅಮೆರಿಕದ ಕ್ಲೀನ್ ಏರ್ ಆ್ಯಕ್ಟ್ ಪ್ರಕಾರ ಗಾಡಿಯ ಮಾಲಿನ್ಯ ತಡೆಯುವ ಭಾಗಗಳನ್ನು ತೆಗೆಯುವುದಾಗಲಿ ಕೆಲಸ ಮಾಡದ ಹಾಗೆ ಮಾಡುವುದಾಗಲಿ ತಪ್ಪು. 5.9ರಲ್ಲಿ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇಲ್ಲ. 2007ರ ನಡುವೆ ಬಂದ 6.7ರಿಂದ ಡಿಪಿಎಫ್, ಇಜಿಆರ್ (ಒಂದಿಷ್ಟು ಹೊಗೆಯನ್ನು ಎಂಜಿನ್ನಿಗೇ ವಾಪಸು ಕಳಿಸುವ ವ್ಯವಸ್ಥೆ) ಎರಡೂ ಇವೆ. ಅವನ್ನು ಕಿತ್ತು ಹಾಕಿದರೆ ಮಾತ್ರ ಕೂರುವ ಕಿಟ್ ಅಗ್ಗಕ್ಕೆ ಸಿಕ್ಕಿತು ಅಂತ ತರಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಕಿಟ್‌ಗೆ ಅಲ್ಲಿನ ಏರ್ ರಿಸೋರ್ಸಸ್ ಬೋರ್ಡ್ ಕೊಟ್ಟ ಇಒ ನಂಬರ್ (ಒಪ್ಪಿಗೆಯ ಆದೇಶದ ಸಂಖ್ಯೆ) ಇರಬೇಕು.

ಊರಲ್ಲಿ ಅಣ್ಣನ ಲಾರಿ ಇದೆ, ಟಾಟಾ, ಕಮ್ಮಿನ್ಸ್ ಎಂಜಿನ್. ಅದಕ್ಕೂ ಹಾಕಬಹುದಾ?

ನಮ್ಮ ರಸ್ತೆಗಳಲ್ಲಿ ಓಡಿದ ಎಷ್ಟೋ ಟಾಟಾ ಲಾರಿಗಳಲ್ಲಿ ಇದ್ದದ್ದು ಇದೇ ಬಿ ಸರಣಿಯ 5.9 ಎಂಜಿನ್, ಜಮ್‌ಶೆಡ್‌ಪುರದ ಟಾಟಾ ಕಮ್ಮಿನ್ಸ್‌ನಲ್ಲಿ ತಯಾರಾದದ್ದು. ಹಾಗಾಗಿ ಎಂಜಿನ್ ಬೇಡ ಅನ್ನಲಿಕ್ಕಿಲ್ಲ. ಆದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇಂಥ ಬದಲಾವಣೆಗೆ ಅಡ್ಡ ಬರುತ್ತದೆ, ಎಫ್‌ಸಿಗೆ ಹೋದಾಗ, ವಿಮೆ ಕೇಳಿದಾಗ ತೊಂದರೆ. ಅಣ್ಣನಿಗೆ ಬೇಕಾಗಿರುವುದು ಬಾಡಿಗೆ ಮತ್ತು ಮೈಲೇಜ್. ಅವರಿಗೆ ಇಂಜೆಕ್ಟರ್ ಸರ್ವಿಸ್ ಮಾಡಿಸಿಕೊಡಿ.

ಹಳೇ ಕಿಟ್ ಅಗ್ಗಕ್ಕೆ ಬರುತ್ತಿದೆ. ತೆಗೆದುಕೊಳ್ಳಲೇ?

ಪೈಪುಗಳು ಯಾವ ವರ್ಷದ ಗಾಡಿಗೆ ಮಾಡಿದ್ದು ಅಂತ ಮೊದಲು ನೋಡಿ. 12 ವಾಲ್ವ್‌ನ ಹಳೆಯ 5.9 ಎಂಜಿನ್ನಿನ ಗಾಡಿಗೆ ಮಾಡಿದ ಪೈಪು 2006ರ ಗಾಡಿಗೆ ಕೂರುತ್ತದೆ ಅಂತ ನಂಬಬೇಡಿ. ಟರ್ಬೊ ಶಾಫ್ಟನ್ನು ಬೆರಳಲ್ಲಿ ಹಿಡಿದು ಹಿಂದೆ ಮುಂದೆ ಎಳೆಯಿರಿ. ಅಕ್ಕಪಕ್ಕ ಒಂದು ಚೂರು ಅಲ್ಲಾಡುವುದು ಸಹಜ, ಹಿಂದೆ ಮುಂದೆ ಕೈಗೆ ಗೊತ್ತಾಗುವ ಹಾಗೆ ಆಡಿದರೆ ಬೇಡ. ಚಕ್ರದ ರೆಕ್ಕೆಗಳು ಹೌಸಿಂಗ್‌ಗೆ ಉಜ್ಜಿದ ಗುರುತಿದ್ದರೂ ಬೇಡ. ಬಿಸಿ ಪೈಪಿನ ಬೆಸುಗೆಗಳಲ್ಲಿ ಬಿರುಕು ಹುಡುಕಿ, ಟಾರ್ಚ್ ಹಿಡಿದು.

ಎಲ್ಲ ಸರಿಯಿದ್ದು ತಂದರೆ, ಕೂರಿಸುವಾಗ ದೊಡ್ಡ ಟರ್ಬೊದ ಆಯಿಲ್ ವಾಪಸು ಹೋಗುವ ಪೈಪು ಪೂರ್ತಿ ಇಳಿಜಾರಿನಲ್ಲೇ ಇರಲಿ. ಎಲ್ಲೂ ತಗ್ಗು ಬಿದ್ದು ಆಯಿಲ್ ನಿಲ್ಲಬಾರದು. ನಿಂತರೆ ಸೀಲ್ ದಾಟಿ ಹೊರಬರುತ್ತದೆ, ಆಗ ಚೆನ್ನಾಗಿರುವ ಟರ್ಬೊವನ್ನೇ ಕೆಟ್ಟಿದೆ ಅಂತ ಬಿಚ್ಚುತ್ತಾ ಕೂರಬೇಕಾಗುತ್ತದೆ. ಸ್ಟಾರ್ಟ್ ಮಾಡುವ ಮೊದಲು ಕಂಪ್ರೆಸರ್‌ನಿಂದ ಗಾಳಿಯ ಪೈಪುಗಳಿಗೆ 20–30 ಪಿಎಸ್‌ಐ ಗಾಳಿ ತುಂಬಿ, ಪ್ರತಿ ಜಾಯಿಂಟ್‌ಗೂ ಸೋಪಿನ ನೀರು ಹಾಕಿ ನೋಡಿ.